ಒಲೆಗೆ ಹಾಕಿದ ನೀರು

ಹಂಪಮ್ಮನಿಗೆ ಹತ್ತಿರದ ದೇವರೆಂದರೆ ಒಲೆ. ಊರ ಗುಡಿಯ ಹೊಸ್ತಿಲನ್ನು ಮಾದಿಗರ ಕೇರಿಯವರು ದಾಟುವಂತಿರಲಿಲ್ಲ. ಕುರುಗೋಡಿನ ದೊಡ್ಡಬಸವಣ್ಣ ದೂರದಲ್ಲಿದ್ದ. ಹೊಲದಲ್ಲಿ ನಿಂತು ಗುಡ್ಡದ ಕಡೆ ಮುಖ ಮಾಡಿ ಕೈ ಮುಗಿದರೆ ಅವನಿಗೆ ಆಯಿತು. ಒಲೆ ಮಾತ್ರ ಅವಳ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಅವಳೇ ಮಣ್ಣು ಕಲಸಿ ಹೂಡಿದ ದೇವರು. ಬೆಳಗ್ಗೆ ಬೂದಿ ತೆಗೆದು, ಸಾರಿಸಿ, ಬೆಂಕಿ ಹತ್ತಿಸಿದ ಮೇಲೆ ಒಂದು ಚಿಟಿಕೆ ಹಿಟ್ಟನ್ನು ಉರಿಗೆ ಹಾಕಿ, ಮೊದಲು ನೀನು ಉಣ್ಣವ್ವ, ಆಮೇಲೆ ನಮಗೆ ಹಾಕು ಎಂದು ಬೇಡಿಕೊಳ್ಳುತ್ತಿದ್ದಳು. ಅಡಿಗೆಯಾದ ಮೇಲೆ ಕೊಳ್ಳಿ ಹೊರಗೆಳೆದು ಕೆಂಡದ ಮೇಲೆ ಬೂದಿ ಮುಚ್ಚುತ್ತಿದ್ದಳು, ಕೂಸಿಗೆ ಕೌದಿ ಹೊದಿಸಿದ ಹಾಗೆ. ಉರಿಯುವ ಒಲೆಗೆ ನೀರು ಹಾಕಬಾರದು ಎಂದು ಅವಳ ಅವ್ವ ಹೇಳಿದ್ದಳು. ಹಾಕಿದವರ ಕೈಯಿಂದ ಅನ್ನದ ಋಣ ಹೋಗುತ್ತದೆ. ಆ ಒಲೆಯ ಮನೆಯ ಬೆಳಕು ಹೋಗುತ್ತದೆ. ತಲೆ ಬೆಳ್ಳಗಾಗುವ ತನಕ ಹಂಪಮ್ಮ ಆ ತಪ್ಪು ಮಾಡಿರಲಿಲ್ಲ.

ಆಮೇಲೆ ಮಾಡಿದಳು. ಯಾಕೆ ಮಾಡಿದಳು ಎಂಬುದನ್ನು ಹೇಳಬೇಕು.

ಅವಳಿಗೆ ಹೊಲವಿರಲಿಲ್ಲ. ಇದ್ದದ್ದು ಹಕ್ಕಲು. ಸುಗ್ಗಿ ಮುಗಿದು ಹೊಲದವರು ಬೆಳೆ ಹೊತ್ತೊಯ್ದ ಮೇಲೆ ನೆಲದಲ್ಲಿ ಬಿದ್ದುಳಿದ ತೆನೆ ಬಡವರದು. ಅದನ್ನು ಆರಿಸಿಕೊಳ್ಳುವುದಕ್ಕೆ ಯಾರನ್ನೂ ಕೇಳಬೇಕಿರಲಿಲ್ಲ. ಅಜ್ಜಿ ಆರಿಸಿದ್ದಳು, ಅವ್ವ ಆರಿಸಿದ್ದಳು, ಇವಳೂ ಆರಿಸಿದಳು. ಬಿಸಿಲಲ್ಲಿ ಬಗ್ಗಿದರೆ ಹೊತ್ತು ಮುಳುಗುವವರೆಗೆ ಸೊಂಟ ಎತ್ತುವಂತಿಲ್ಲ. ಕೂಳೆ ಚುಚ್ಚಿ ಅಂಗಾಲು ಬಿರಿಯುತ್ತದೆ. ಕಪ್ಪು ಮಣ್ಣಿನ ಬಿರುಕಿನೊಳಗೆ ಬೆರಳು ತೂರಿಸಿ ಒಂದೊಂದೇ ಜೋಳದ ಕಾಳನ್ನು ಹೊರಗೆ ತೆಗೆಯಬೇಕು. ಇರುವೆಗಳ ಪಾಲನ್ನು ಇರುವೆಗಳಿಗೇ ಬಿಡಬೇಕು. ಅದೂ ಅವ್ವ ಹೇಳಿಕೊಟ್ಟದ್ದೇ.

ಅವಳ ಜೊತೆ ಕುಬ್ರಾಬಿ ಇದ್ದಳು. ಪಿಂಜಾರರ ಓಣಿಯವಳು. ಗಂಡ ಗೌಸಸಾಬ್ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಸತ್ತು ಬಹಳ ದಿನವಾಗಿತ್ತು. ಇಬ್ಬರೂ ಲಂಗ ಉಡುವ ಕಾಲದಿಂದ ಒಂದೇ ಸಾಲಿನಲ್ಲಿ ಹಕ್ಕಲು ಆರಿಸಿದವರು. ಹಬ್ಬಕ್ಕೆ ಇವಳ ಮನೆಯ ಕಡುಬು ಅಲ್ಲಿಗೆ, ಅವಳ ಮನೆಯ ಶಾವಿಗೆ ಇಲ್ಲಿಗೆ ಹೋಗುತ್ತಿತ್ತು.

ಕಾಲುವೆಯ ಪಕ್ಕದ ಹೊಲ ಕೊಟ್ರಬಸಪ್ಪ ಗೌಡರದು. ದಂಡೆಗೆ ಹತ್ತಿದ ಒಂದು ಪಟ್ಟಿಯಲ್ಲಿ ಸದಾ ನೀರು ಜಿನುಗುವುದರಿಂದ ಗೌಡರು ಅಲ್ಲಿ ಬಿತ್ತುತ್ತಿರಲಿಲ್ಲ. ಅಲ್ಲಿ ಸೊಪ್ಪು ತಾನಾಗಿ ಏಳುತ್ತಿತ್ತು. ಪುಂಡಿಪಲ್ಯ, ಗೋಳಿಪಲ್ಯ, ರಾಜಗಿರಿ, ಹತ್ತರಕಿ. ಕೇರಿಯ ಹೆಂಗಸರು ಅದನ್ನೇ ನಂಬಿದ್ದರು. ಹಂಪಮ್ಮ ಪುಂಡಿಯ ಎಲೆಯನ್ನು ನುಚ್ಚಿನ ಜೊತೆ ಕುದಿಸಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜಜ್ಜಿ ಹಾಕಿ ಮಸೆಯುತ್ತಿದ್ದಳು. ದಂಟನ್ನು ಬಿಸಾಡುತ್ತಿರಲಿಲ್ಲ, ಬೇಯಿಸಿದ ನೀರು ಮರುದಿನದ ಸಾರು. ಹೀರೇಕಾಯಿ ಸಿಕ್ಕಿದರೆ ತಿರುಳು ಒಂದು ದಿನಕ್ಕೆ, ಸಿಪ್ಪೆಯ ಚಟ್ನಿ ಇನ್ನೊಂದು ದಿನಕ್ಕೆ. ಉಳಿದ ಸಂಗಟಿ ಮುದ್ದೆ ನೀರಿನಲ್ಲಿ ನೆನೆದು ಬೆಳಗಿನ ಅಂಬಲಿ. ಒಣಗಿದ ರೊಟ್ಟಿ ಒಳಕಲ್ಲಿಗೆ ಬಿದ್ದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು, ಒಂದು ತೊಟ್ಟು ಕುಸುಬಿ ಎಣ್ಣೆ ಸೇರಿ ಮುಟಗಿ. ಅವಳ ಮನೆಯಲ್ಲಿ ಹಳತಾದ ಅಡಿಗೆ ಎಂಬುದೇ ಇರಲಿಲ್ಲ. ನಾಳೆಯ ಅಡಿಗೆ ಇರುತ್ತಿತ್ತು.

ಆಗ ಕೆಂಪು ಮಣ್ಣಿನ ಕಾಲ ಬಂತು. ಚೀನಾ ದೇಶದಲ್ಲಿ ದೊಡ್ಡ ಆಟದ ಬಯಲು ಕಟ್ಟುತ್ತಾರಂತೆ, ಅದಕ್ಕೆ ನಮ್ಮ ಗುಡ್ಡ ಬೇಕಂತೆ ಎಂದು ಬಸ್ಸಿನಲ್ಲಿ ಮಾತಾಡಿಕೊಂಡರು. ಗುಡ್ಡ ಕಡಿದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಹಗಲು ರಾತ್ರಿ ಹರಿದವು. ಜಾಲಿಗಿಡ ಕೆಂಪಾದವು, ಎಮ್ಮೆ ಕೆಂಪಾದವು, ಒಣಹಾಕಿದ ಸೀರೆ ಕೆಂಪಾಯಿತು. ಹಂಪಮ್ಮನ ಗಂಡ ಮೂಕಪ್ಪ ಬುಟ್ಟಿಯಲ್ಲಿ ಅದಿರು ತುಂಬುವ ಕೂಲಿಗೆ ಹೋದ. ಜೊತೆಗೆ ಇವಳೂ ಹೋದಳು. ಒಂದು ದಿನ ಜಾರಿದ ಕಲ್ಲು ಇವಳ ಬಲಗೈ ಹೆಬ್ಬೆರಳ ಮೇಲೆ ಬಿತ್ತು. ಬೆರಳು ಸೊಟ್ಟಗೆ ಕೂಡಿಕೊಂಡಿತು. ಮೂಕಪ್ಪನ ಎದೆ ಮಾತ್ರ ಕೂಡಿಕೊಳ್ಳಲಿಲ್ಲ. ಕೆಮ್ಮಿದರೆ ಕೆಂಪಗೆ ಬೀಳುತ್ತಿತ್ತು. ಧೂಳೋ ರಕ್ತವೋ ಎಂದು ನೋಡುವುದನ್ನು ಅವಳು ಬಿಟ್ಟಳು. ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಕ್ಕಲು ಜೋಳದ ತೆಳ್ಳನೆಯ ಅಂಬಲಿ, ಕಾಲುವೆ ಪಟ್ಟಿಯ ಎಳೆ ಸೊಪ್ಪಿನ ಮಸೆದ ಪಲ್ಯ. ಅವನ ಜೀವ ನಿಂತದ್ದು ಅದರ ಮೇಲೆ.

ಗೌಡರು ರಸ್ತೆ ಕಡೆ ಬಿತ್ತುವುದನ್ನು ಬಿಟ್ಟರು. ಅಲ್ಲಿ ಅದಿರಿನ ರಾಶಿ ಎದ್ದಿತು. ಆ ವರ್ಷ ಹಕ್ಕಲು ಸಿಕ್ಕಿದ್ದು ಹಿಂದಿನ ಭಾಗದಲ್ಲಿ ಮಾತ್ರ. ಇನ್ನು ಅದೂ ಹೋಗುತ್ತದೆ, ಕಾಲುವೆ ದಂಡೆಯವರೆಗೂ ರಾಶಿ ಬರುತ್ತದೆ ಎಂದು ಸುದ್ದಿ ಹಬ್ಬಿತು. ಹಂಪಮ್ಮ ಗೌಡರ ಮನೆಯ ಅಂಗಳಕ್ಕೆ ಹೋಗಿ ಕಟ್ಟೆಯ ಕೆಳಗೆ ನಿಂತಳು. ಆ ಪಟ್ಟಿಯೊಂದನ್ನು ಬಿಟ್ಟುಕೊಡಿ, ಗಂಡ ಉಸಿರಾಡುತ್ತಿರುವುದು ಅದರಿಂದಲೇ ಎಂದು ಕೇಳಿಕೊಂಡಳು.

ಗೌಡರು ಕೆಟ್ಟ ಮಾತು ಆಡುವವರಲ್ಲ. ಅವರ ಮಗಳು ಅನುಷಾಳ ಮದುವೆ ಬಳ್ಳಾರಿಯ ಗಾಂಧಿನಗರದ ಕಲ್ಯಾಣ ಮಂಟಪದಲ್ಲಿ ನಿಶ್ಚಯವಾಗಿತ್ತು. ದೊಡ್ಡವರ ಮದುವೆಗಳಲ್ಲಿ ಆಗ ಹೊಸ ಶೋಕಿ ಬಂದಿತ್ತು. ಮಂಟಪದ ಅಂಗಳದಲ್ಲಿ ಗುಡಿಸಲು ಹಾಕಿ, ಹಳ್ಳಿಯ ಮುದುಕಿಯನ್ನು ಒಲೆ ಮುಂದೆ ಕೂಡಿಸಿ, ರೊಟ್ಟಿ, ಪುಂಡಿಪಲ್ಯ, ಮುಟಗಿ ಬಡಿಸುವುದು. ಗೌಡರು ಹಂಪಮ್ಮನನ್ನು ಮೇಲಿನಿಂದ ಕೆಳಗೆ ನೋಡಿದರು. ಬಿಳಿ ತಲೆ, ಹಸಿರು ಹಚ್ಚೆ, ದೊಡ್ಡ ಮೂಗುಬೊಟ್ಟು.

"ಮಗಳ ಮದಿವ್ಯಾಗ ನೀ ಬಂದು ರೊಟ್ಟಿ ಬಡಿ ಬೇ" ಎಂದರು. "ಕಾಲುವಿ ಪಟ್ಟಿ ನಾ ಮುಟ್ಟಂಗಿಲ್ಲ. ನಿನ್ನ ಒಲಿ ಮ್ಯಾಲೆ ಆಣಿ, ಆತೇನು?"

ಕಟ್ಟೆಯ ಮೇಲೆ ಕುಳಿತವರು ನಕ್ಕರು. ಹಂಪಮ್ಮನ ಒಲೆಯ ಹುಚ್ಚು ಊರಿಗೆಲ್ಲ ಗೊತ್ತಿದ್ದದ್ದೇ. ಅವಳು ನಗಲಿಲ್ಲ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಲೆಯ ಮೇಲೆ ಆಣೆ ಇಟ್ಟು ಯಾರಾದರೂ ತಪ್ಪುತ್ತಾರೆ ಎಂಬುದು ಅವಳ ತಲೆಗೇ ಹೊಳೆಯಲಿಲ್ಲ.

ಮದುವೆಯ ಹಿಂದಿನ ದಿನ ಮನೆಯಲ್ಲಿದ್ದ ಹಕ್ಕಲು ಜೋಳವನ್ನೆಲ್ಲ ಬೀಸುಗಲ್ಲಿಗೆ ಹಾಕಿದಳು. ಮಂಟಪದವರು ತರುವ ಗಿರಣಿ ಹಿಟ್ಟು ಯಾವ ಕಾಲದ್ದೋ. ಜಿಗಿ ಇಲ್ಲದಿದ್ದರೆ ರೊಟ್ಟಿ ಹರಿಯುತ್ತದೆ. ಮದುವೆಮನೆಯ ರೊಟ್ಟಿ ಹರಿಯಬಾರದು. ಗಂಟು ಕಟ್ಟುವಾಗ ಕುಬ್ರಾಬಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇದ್ದದ್ದೆಲ್ಲ ಕಟ್ಟಿಗೊಂಡು ಹೊಂಟ್ರ ನಿನ್ನ ಗಂಡಗ ಏನು ಕುದಸ್ತೀಬೇ? ಬೂದೀನಾ?"

"ನುಚ್ಚು ಐತಿ, ಕುಡೀತಾನ. ಪಟ್ಟಿ ಉಳಿದ್ರ ಸಾಯೋಮಟ ಅಂಬಲಿ ಕುಡೀಬೌದು."

"ಗೌಡನ ಮಾತು ನಂಬಿದಿ."

"ಗೌಡನ್ನ ನಂಬಿಲ್ಲ. ಒಲಿ ನಂಬೀನಿ."

ಕುಬ್ರಾಬಿ ಉಸಿರು ಬಿಟ್ಟು, ಹಾಗಾದರೆ ನಾನೂ ಬರುತ್ತೇನೆ, ಚಟ್ನಿ ಅರೆಯಲು ಒಬ್ಬರು ಬೇಕಲ್ಲ ಎಂದಳು. ಮೂಕಪ್ಪನನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿದರು. ಬೆಳಕು ಹರಿಯುವಾಗ ಗೌಡರ ಟೆಂಪೋ ಬಂತು. ಹಿಂದೆ ಬಾಳೆಕಂಬದ ನಡುವೆ ಇಬ್ಬರೂ ಕುಕ್ಕರಗಾಲಿನಲ್ಲಿ ಕುಳಿತು ಬಳ್ಳಾರಿ ಸೇರಿದರು.

ಮಂಟಪದ ಉಸ್ತುವಾರಿ ಹುಲುಗೇಶನದು. ಮೊದಲು ಗೌಡರ ಬಂಡಿ ಹೊಡೆಯುತ್ತಿದ್ದವನು. ಈಗ ಬಿಳಿ ಅಂಗಿ, ಎರಡು ಮೊಬೈಲು, ಹೊಳೆಯುವ ಬೂಟು. ಊರಲ್ಲಿ ಅವಳನ್ನು ಏ ಹಂಪಿ ಎಂದು ಕರೆಯುವವನು ಇಲ್ಲಿ ಬೀಗರ ಎದುರು ಹಂಪಮ್ಮೋರೇ ಎಂದ. ಇಬ್ಬರಿಗೂ ಇಳಕಲ್ ಸೀರೆ ಕೊಟ್ಟ, ಸಂಜೆ ಹಿಂದಕ್ಕೆ ಕೊಡಬೇಕು ಎಂದ. ಮಂಟಪದ ಒಳಗೆ ಕಾಲಿಡಬೇಡಿ, ಒಳಗಿನ ನಲ್ಲಿ ಮುಟ್ಟಬೇಡಿ, ಪಾಯಖಾನೆಗೆ ಹೋಗುವುದಿದ್ದರೆ ಹಿಂದಿನ ಬಯಲಿಗೆ ಹೋಗಿ ಎಂದ. ಆಮೇಲೆ ಕುಬ್ರಾಬಿಯ ಕಡೆ ತಿರುಗಿ, ಹಣೆಗೆ ಕುಂಕುಮ ಇಟ್ಟುಕೋ, ಯಾರಾದರೂ ಹೆಸರು ಕೇಳಿದರೆ ಸತ್ಯಮ್ಮ ಅನ್ನು ಎಂದ. ಕುಬ್ರಾಬಿ ತಿರುಗಿ ಹೊರಟಳು. ಹಂಪಮ್ಮ ಅವಳ ಸೆರಗು ಜಗ್ಗಿದಳು. ಪಟ್ಟಿ, ಪಟ್ಟಿ ಎಂದು ಪಿಸುಗುಟ್ಟಿದಳು.

"ಇಡು ನೀನ" ಎಂದು ಕುಬ್ರಾಬಿ ಗೆಳತಿಯ ಮುಂದೆ ಹಣೆ ಒಡ್ಡಿದಳು. "ನಿನ್ನ ಕೈಲೆ ಇಟ್ರ ಅಲ್ಲಾ ಏನೂ ಅನ್ನಂಗಿಲ್ಲ. ಅವನ ಕೈಲೆ ಬ್ಯಾಡ."

ಬಿದಿರಿನ ಗುಡಿಸಲು. ಗೋಡೆಗೆ ಪ್ಲಾಸ್ಟಿಕ್ ಚೆಂಡುಹೂವು, ಬಾಗಿಲಲ್ಲಿ ನೀರಿಲ್ಲದ ಬಾವಿ, ಒಡೆದ ಬಂಡಿಗಾಲಿ. ಎಲ್ಲವೂ ನಾಟಕದ ಸಾಮಾನು. ಒಲೆ ಮಾತ್ರ ನಿಜವಾದ ಮಣ್ಣಿನ ಒಲೆ. ಹಂಪಮ್ಮ ಅದನ್ನು ಸಾರಿಸಿದಳು. ಬೆಂಕಿ ಹತ್ತಿಸಿ ಚಿಟಿಕೆ ಹಿಟ್ಟು ಹಾಕಿದಳು. ಈ ಮಗಳ ಬಾಳು ತಣ್ಣಗಿರಲಿ, ನಮ್ಮ ಪಟ್ಟಿ ಉಳಿಯಲಿ ಎಂದು ಕೇಳಿಕೊಂಡಳು. ಅಂದುಕೊಂಡಂತೆ ಮಂಟಪದ ಹಿಟ್ಟಿಗೆ ಜಿಗಿ ಇರಲಿಲ್ಲ. ತನ್ನ ಗಂಟು ಬಿಚ್ಚಿದಳು.

ರೊಟ್ಟಿ ಬಡಿಯತೊಡಗಿದಳು. ಬಿಸಿನೀರಿನಲ್ಲಿ ಹಿಟ್ಟು ನಾದುವುದು, ಉಂಡೆ ಮಾಡುವುದು, ಬಡಿಯುವುದು, ಹಂಚಿಗೆ ಹಾಕುವುದು, ನೀರು ಸವರುವುದು, ಕೆಂಡಕ್ಕೆ ಒರಗಿಸುವುದು. ಸೊಟ್ಟ ಹೆಬ್ಬೆರಳು ಪ್ರತಿ ರೊಟ್ಟಿಯ ಅಂಚಿನಲ್ಲಿ ಒಂದು ಗುಳಿ ಬಿಡುತ್ತಿತ್ತು. ಬೇಸಿಗೆ. ತಗಡಿನ ಮೇಲೆ ಹುಲ್ಲು ಹೊದಿಸಿದ ಗುಡಿಸಲು. ಹೊಗೆ ಹೋಗಲು ದಾರಿಯಿಲ್ಲ. ಮೊಣಕಾಲಿನ ಚರ್ಮ ಸುಡುತ್ತಿತ್ತು. ಬೆಳಗಿನಿಂದ ಬಯಲಿಗೆ ಹೋಗದೆ ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದಂತಾಗಿತ್ತು. ಜನ ಬಂದರು. ಮೊಬೈಲು ಹಿಡಿದು ಫೋಟೋ ತೆಗೆದರು. ಒಬ್ಬಾಕೆ ಪಕ್ಕದಲ್ಲಿ ಕುಕ್ಕರಿಸಿ ತಾನೂ ಹಿಟ್ಟು ತಟ್ಟಿದಂತೆ ಮಾಡಿ ಫೋಟೋ ತೆಗೆಸಿಕೊಂಡು, ಕೈ ಒರೆಸಿಕೊಳ್ಳುತ್ತ ಹೋದಳು. ಬೆಂದ ರೊಟ್ಟಿಯನ್ನು ಹಂಪಮ್ಮ ಹಿಂದಿನ ಬುಟ್ಟಿಗೆ ಹಾಕುತ್ತಿದ್ದಳು. ತುಂಬಿದ ಬುಟ್ಟಿಯನ್ನು ಒಬ್ಬ ಗುಡಿಸಲಿನ ಹಿಂಬದಿಯಿಂದ ಒಯ್ಯುತ್ತಿದ್ದ. ಮುಂಬದಿಯಲ್ಲಿ ಬಡಿಸುವವರು ತಟ್ಟೆಯಲ್ಲಿ ರೊಟ್ಟಿ ಹಿಡಿದು ಓಡಾಡುತ್ತಿದ್ದರು. ತಿಂದವರು ತಲೆದೂಗಿದರು. ಅಜ್ಜಿ ಕೈಯ ರುಚಿಯೇ ಬೇರೆ ಎಂದು ಯಾರೋ ಅಂದರು. ಹಂಪಮ್ಮನಿಗೆ ಸುಖವಾಯಿತು. ಮನೆಗೆ ಹೋಗಿ ಮೂಕಪ್ಪನಿಗೆ ಹೇಳಬೇಕು ಎಂದುಕೊಂಡಳು. ನಮ್ಮ ಹಕ್ಕಲು ಜೋಳವನ್ನು ಎಂಥೆಂಥವರು ಉಂಡರು ನೋಡು ಎಂದು.

ಕೊಡದಲ್ಲಿ ನೀರು ತೀರಿತು. ಕುಬ್ರಾಬಿ ತರಲು ಹಿಂದೆ ಹೋದಳು. ಬರುವಾಗ ಕೊಡವನ್ನು ನೆಲಕ್ಕೆ ಕುಕ್ಕಿ ಇಟ್ಟಳು. ಮುಖ ಬೂದಿಯಾಗಿತ್ತು.

"ಹಂಪಿ, ಬಡಿಯೋದು ನಿಂದ್ರಸು."

ಯಾಕೆ ಎಂದು ಇವಳು ಕತ್ತೆತ್ತದೆ ಕೇಳಿದಳು. ಹಂಚಿನ ಮೇಲೆ ರೊಟ್ಟಿಯಿತ್ತು.

"ನಿನ್ನ ರೊಟ್ಟಿ ಯಾರೂ ತಿಂದಿಲ್ಲ. ಹಿಂದ ಗೊಬ್ಬರದ ಚೀಲದಾಗ ತುಂಬ್ಯಾರ. ಎಮ್ಮಿಗಂತ. ಇವರು ತಿನ್ನೋದು ಅಡಿಗಿಯವರು ಒಳಗ ಮಾಡಿದ್ದು, ಲಟ್ಟಣಗ್ಯಾಗ ಲಟ್ಟಿಸಿದ್ದು."

"ನಿನಗ ಕಣ್ಣು ಮಂಜು."

"ಕಣ್ಣು ಮಂಜಾದ್ರ ಕೈ ಮಂಜೇನಬೇ? ಚೀಲದಾಗ ಕೈ ಹಾಕಿ ನೋಡೀನಿ. ಅಂಚಿನ್ಯಾಗ ನಿನ್ನ ಬೆರಳು ಐತಿ. ಇನ್ನೂ ಬಿಸಿ ಅದಾವ."

ಹಂಚಿನ ರೊಟ್ಟಿ ಸೀದು ಹೊಗೆಯಾಡಿತು. ಹಂಪಮ್ಮ ಅದನ್ನು ತೆಗೆದಳು. ಮುಂದಿನ ಉಂಡೆ ತೆಗೆದುಕೊಂಡಳು. ಬಡಿದಳು. ಕೈಗಳು ತಾವಾಗಿ ನಡೆಯುತ್ತಿದ್ದವು. ಒಳಗೆ ಮಾತ್ರ ಏನೋ ನಿಂತುಹೋಗಿತ್ತು. ಬಿರುಕಿನೊಳಗಿಂದ ಬೆರಳಿನಲ್ಲಿ ಕೆದರಿ ತೆಗೆದ ಕಾಳು. ಇರುವೆಗಳ ಪಾಲು ಬಿಟ್ಟು ತಂದ ಕಾಳು. ಗಂಡನ ಬಾಯಿಂದ ಕಿತ್ತು ತಂದ ಹಿಟ್ಟು. ಎಮ್ಮೆ ತಿಂದರೆ ಪುಣ್ಯವೇ. ಎಮ್ಮೆಯದು ತಪ್ಪಿಲ್ಲ. ಆದರೆ ತನ್ನನ್ನು ನೋಡಲು ಕೂಡಿಸಿ, ತನ್ನ ಕೈಯನ್ನು ಹೊರಗಿಟ್ಟರಲ್ಲ. ಹೊಗೆ ತನ್ನದು, ಬೆವರು ತನ್ನದು, ತುತ್ತು ಮಾತ್ರ ಬೇರೆಯವರದು.

ಆದರೂ ಬಡಿದಳು. ಪಟ್ಟಿ ಉಳಿಯಬೇಕಿತ್ತು. ಮೂಕಪ್ಪ ಕೆಮ್ಮುವುದು ಕಿವಿಯಲ್ಲಿ ಕೇಳಿಸುತ್ತಿತ್ತು. ಕುಬ್ರಾಬಿ ಪಕ್ಕದಲ್ಲಿ ಕುಳಿತು ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿಕೊಂಡಳು. ಒರೆಸಿದಷ್ಟೂ ಅದು ಹರಡಿತು.

ಊಟದ ಹೊತ್ತು ಜಾರುವಾಗ ಸಾಲುಸಾಲು ಕಾರು ಬಂದವು. ತಡವಾಗಿ ಬಂದ ದೊಡ್ಡವರು. ಅವರೆಲ್ಲ ನೇರ ಗುಡಿಸಲಿಗೇ ನುಗ್ಗಿದರು. ಹುಲುಗೇಶ ಹಿಂಬದಿಯಿಂದ ಬಗ್ಗಿ ಒಳಗೆ ಬಂದ. ಬೆವರುತ್ತಿದ್ದ. ಒಳಗಿನ ರೊಟ್ಟಿ ಮುಗಿದಿದ್ದವು.

"ಏ ಹಂಪಿ, ಇನ್ನ ಲಗೂ ಲಗೂ ಬಡಿ. ನಿನ್ನವ್ನ ಹಾಕಿಬಿಡೂಣು. ಯಾರಿಗೆ ಗೊತ್ತಾಕೈತಿ."

"ನನ್ನವು ಎಮ್ಮಿಗಂತಲ್ಲಪ್ಪ."

ಅವನು ಕುಬ್ರಾಬಿಯ ಕಡೆ ಒಂದು ಸಲ ನೋಡಿದ. ಆಮೇಲೆ ದನಿ ಇಳಿಸಿದ. ಅದೆಲ್ಲ ಈಗ ಯಾಕೆ, ಕಾಲುವೆ ಪಟ್ಟಿಯ ಮಾತು ನೆನಪಿದೆಯೋ ಇಲ್ಲವೋ ಎಂದ.

ನೆನಪಿತ್ತು. ಅವಳು ಕೊಪ್ಪರಿಗೆಗೆ ಕೈ ಹಾಕಿ ಹಿಟ್ಟು ತೆಗೆದುಕೊಂಡಳು. ಉಂಡೆ ಮಾಡಿದಳು. ಬಡಿಸುವ ಆಳು ಇಕ್ಕಳ ಹಿಡಿದು ಬಂದು ನಿಂತ. ಅವಳು ಮುಟ್ಟಿದ ಬುಟ್ಟಿಯಿಂದ ರೊಟ್ಟಿಯನ್ನು ಇಕ್ಕಳದಲ್ಲಿ ಎತ್ತಬೇಕಿತ್ತು. ಹುಲುಗೇಶ ಅವನಿಗೆ, ಅವಳ ತಲೆಯ ಮೇಲಿಂದಲೇ, ಅವಳಿಗೆ ಕಿವಿಯೇ ಇಲ್ಲವೆಂಬಂತೆ ಹೇಳಿದ.

"ಮ್ಯಾಲೆ ಒಂಚೂರು ತುಪ್ಪ ಸವರೋ. ಮೈಲಿಗಿ ಹೋಕ್ಕತಿ."

ಆಳು ನಕ್ಕ.

ಹಂಪಮ್ಮ ಉಂಡೆಯನ್ನು ಕೊಪ್ಪರಿಗೆಯಲ್ಲಿ ಇಟ್ಟಳು. ಕೈ ತೊಳೆದುಕೊಂಡಳು. ಎದ್ದು ನಿಂತಳು. ಮೊಣಕಾಲು ಹಿಡಿದುಕೊಂಡಿದ್ದರಿಂದ ಎರಡು ಸಲ ತಡವರಿಸಿದಳು. ಕುಬ್ರಾಬಿ ತಂದ ಕೊಡವನ್ನು ಎರಡೂ ಕೈಯಲ್ಲಿ ಎತ್ತಿದಳು. ಅವ್ವನ ಮಾತು ನೆನಪಾಯಿತು. ಕ್ಷಮಿಸವ್ವ ಎಂದಳು. ಉರಿಯುವ ಒಲೆಗೆ ಪೂರಾ ಸುರಿದಳು.

ಒಲೆ ಚೀರಿತು. ಬಿಸಿ ಬೂದಿ ಮೇಲೆದ್ದು ಬಿಳಿ ಅಂಗಿಯನ್ನು ಮುಚ್ಚಿತು. ಹಂಚು ಠಳ್ ಎಂದು ಬಿರಿಯಿತು. ಕರಿ ನೀರು ಗುಡಿಸಲಿನಿಂದ ಹೊರಬಂದು ಅತಿಥಿಗಳ ಚಪ್ಪಲಿಯ ತನಕ ಹರಿಯಿತು.

ಮದುವೆಮನೆಯ ಮುದುಕಿಯರು ಬಾಯಿ ಬಡಿದುಕೊಂಡರು. ಮದುವೆಯ ಒಲೆ ಆರಿಸಿದಳು, ಮುತ್ತೈದೆಯ ಮನೆ ಹಾಳುಮಾಡಿದಳು ಎಂದರು. ಅವಳು ಬಡಿದ ರೊಟ್ಟಿ ಬೇಡವಾಗಿತ್ತು. ಅವಳು ಆರಿಸಿದ ಬೆಂಕಿ ಮಾತ್ರ ಮದುವೆಯದಾಯಿತು. ಗೌಡರು ಬಂದರು. ಅವರು ಆಗಲೂ ಕೆಟ್ಟ ಮಾತು ಆಡಲಿಲ್ಲ. ಪಟ್ಟಿ ಹೋಯಿತು ಎಂದು ತಿಳಿದುಕೋ ಎಂದರು ಅಷ್ಟೇ. ಹುಲುಗೇಶನಿಗೆ ಸಿಟ್ಟು ತಡೆಯಲಿಲ್ಲ. ಬೂದಿಯಾದ ಅಂಗಿ ಕೊಡವುತ್ತ ನಕ್ಕ.

"ಹೋಗಾಕ ಏನೈತ್ರಿ ಗೌಡ್ರ? ಮುಂಜೇಲಿಂದ ಲಾರಿ ಅಲ್ಲಿ ಅದಿರು ಸುರುವಾಕತ್ತಾವಲ್ಲ. ತಾಳಿ ಮುಹೂರ್ತಕ್ಕ ಅಲ್ಲೂ ಕಾಯಿ ಒಡ್ಸೀನಿ."

ಗೌಡರು ಅವನನ್ನು ಸುಮ್ಮನಿರಿಸಲು ಕೈ ಎತ್ತಿದರು. ಮಾತು ಹೊರಬಿದ್ದಿತ್ತು. ಹಂಪಮ್ಮ ಗೌಡರ ಮುಖವನ್ನೇ ನೋಡಿದಳು. ಅವರು ಬೀಗರ ಕಡೆ ತಿರುಗಿಕೊಂಡರು. ಒಲೆಯ ಮೇಲೆ ಆಣೆ ಇಟ್ಟ ಬಾಯಿ ಅದು. ಅವಳು ಇನ್ನೂ ಹಿಟ್ಟು ನಾದುತ್ತಿರುವಾಗಲೇ ಅಲ್ಲಿ ಮೊದಲ ಲಾರಿ ಅದಿರು ಸುರಿಯಲು ಹೊಲಕ್ಕೆ ಬೆನ್ನು ಮಾಡಿತ್ತು.

ಇಳಕಲ್ ಸೀರೆಗಳನ್ನು ಬಯಲಿನ ಮರೆಯಲ್ಲಿ ಕಳಚಿ, ಮಡಚಿ, ಗುಡಿಸಲಿನ ಸುಳ್ಳು ಬಾವಿಯ ಮೇಲಿಟ್ಟರು. ಹಿಂದೆ ಎಮ್ಮೆಯವನು ಚೀಲಗಳನ್ನು ಗಾಡಿಗೆ ಹೇರುತ್ತಿದ್ದ. ಸುಂಕಣ್ಣನೆಂದು ಹೆಸರು, ಅವನೂ ದಣಿದ ಮುದುಕ. ಕುಬ್ರಾಬಿ ಹೋಗಿ ಒಂದು ಚೀಲದ ಮೇಲೆ ಕೈಯಿಟ್ಟಳು. ಜಗಳಕ್ಕೆ ತಯಾರಾಗಿಯೇ ಹೋಗಿದ್ದಳು. ಅವನು ಇಬ್ಬರ ಮುಖ ನೋಡಿ, ಒಯ್ಯಿರವ್ವ, ನನ್ನ ಎಮ್ಮೆಗೆ ಎಲೆ ತುಂಬ ಅನ್ನ ಬಿದ್ದಿದೆ ಎಂದು ತಾನೇ ಎತ್ತಿ ಹೊರಿಸಿದ.

ಊರಿನ ಕ್ರಾಸಿನಲ್ಲಿ ಬಸ್ಸಿಳಿದಾಗ ಬಿಸಿಲು ಬಾಗಿತ್ತು. ಇಬ್ಬರೂ ಮನೆಗೆ ಹೋಗದೆ ಹೊಲಕ್ಕೆ ಹೋದರು. ರಸ್ತೆ ಕಡೆಯಿಂದ ಹೊರಟ ರಾಶಿ ಕೂಳೆಗಳನ್ನು ನುಂಗಿ ಪಟ್ಟಿಯ ಅಂಚಿನ ಜಾಲಿಗಿಡದವರೆಗೆ ಬಂದಿತ್ತು. ಮದುವೆಯ ದಿನವೆಂದು ಲಾರಿಯವರಿಗೆ ಮಧ್ಯಾಹ್ನದ ಮೇಲೆ ರಜೆ ಕೊಟ್ಟಿದ್ದರು. ಜಾಲಿಗಿಡದ ಆಚೆ ಪಟ್ಟಿ ಇನ್ನೂ ಹಸಿರಾಗಿತ್ತು. ಪುಂಡಿಯ ಕೆಂಪು ದಂಟುಗಳು ಗಾಳಿಗೆ ಅಲ್ಲಾಡುತ್ತಿದ್ದವು. ನಾಳೆ ಬೆಳಗಿನವರೆಗೆ ಅವಕ್ಕೆ ಆಯುಷ್ಯ.

ಶೀಗಿಹುಣ್ಣಿಮೆಗೆ ಹೊಲದವರು ಚರಗ ಚೆಲ್ಲುತ್ತಾರೆ. ಬಸುರಿಯಾದ ಭೂಮಿತಾಯಿಗೆ ಊಟ ಮಾಡಿಸುವುದು. ಕುಬ್ರಾಬಿ ಚೀಲ ಇಳಿಸಿ, ಹೊಲ ಸಾಯುತ್ತಿದೆ, ಕೊನೆಯ ಸಲ ನಿನ್ನ ಕೈಯಿಂದ ನಾಲ್ಕು ತುಂಡು ಚೆಲ್ಲು ಎಂದಳು. ಹಂಪಮ್ಮ ಒಂದು ರೊಟ್ಟಿ ತೆಗೆದಳು. ಕಾಲ ಕೆಳಗಿನ ಕೆಂಪು ಪುಡಿಯನ್ನು ನೋಡಿದಳು.

"ಇದಕ್ಕ ನಾ ಉಣಸಂಗಿಲ್ಲ" ಎಂದಳು. "ಇದು ನನ್ನ ಗಂಡನ್ನ ಉಣಾಕತ್ತೈತಿ. ಅಷ್ಟ ಸಾಕು ಇದಕ್ಕ."

ರೊಟ್ಟಿಯನ್ನು ಚೀಲಕ್ಕೆ ಹಾಕಿದಳು.

ಮನೆಯಲ್ಲಿ ಮೂಕಪ್ಪ ಗೋಡೆಗೆ ಒರಗಿದ್ದ. ಒಲೆ ತಣ್ಣಗಿತ್ತು. ಹಂಪಮ್ಮ ಅದರ ಮುಂದೆ ಕುಳಿತಳು. ಕಡ್ಡಿಪೆಟ್ಟಿಗೆ ಹಿಡಿದಳು, ಗೀರಲಿಲ್ಲ. ಈ ಕೈ ಒಲೆಗೆ ನೀರು ಹಾಕಿದ ಕೈ, ಇದರಿಂದ ಬೆಂಕಿ ಹತ್ತುವುದಿಲ್ಲ ಎಂದಳು. ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದಳು. ಅವನು ಉಸಿರು ಕೂಡಿಸಿಕೊಂಡು ಮಾತಾಡಿದ.

"ಅದು ಒಲಿ ಅಲ್ಲ ಬಿಡು. ನಾಟಕದ್ದು."

"ನಾಟಕ ಅವರದು. ಬೆಂಕಿ ಖರೇದಿತ್ತು."

ಕುಬ್ರಾಬಿ ಎದ್ದು ತನ್ನ ಮನೆಗೆ ಹೋದಳು. ಸಗಣಿ ಕುಳ್ಳಿನ ತುಂಡಿನ ಮೇಲೆ ಕೆಂಡ ಇಟ್ಟುಕೊಂಡು, ಸೆರಗು ಅಡ್ಡ ಹಿಡಿದು ಬಂದಳು. ತಾನೇ ಊದಿ ಹತ್ತಿಸಿದಳು. ನನ್ನ ಮನೆಯ ಬೆಂಕಿ ನಿನ್ನ ಪಾಪ ಕೇಳುವುದಿಲ್ಲ, ಅಡಿಗೆ ಮಾಡು ಎಂದಳು. ಹಂಪಮ್ಮ ರೊಟ್ಟಿ ಮುರಿದು ಒಳಕಲ್ಲಿನಲ್ಲಿ ಕುಟ್ಟಿದಳು. ಬೆಳ್ಳುಳ್ಳಿ, ಉಪ್ಪು, ಖಾರ. ಗಂಡನ ಪಾಲಿಗೆ ಖಾರ ಹಾಕದೆ ಬಿಸಿನೀರಿನಲ್ಲಿ ನೆನೆಸಿ ಹಿಚುಕಿ ಗಂಜಿಯಂತೆ ಮಾಡಿದಳು. ಮೂಕಪ್ಪ ಎರಡು ತುತ್ತು ನುಂಗಿದ. ಮೂರನೆಯದು ಕೆಮ್ಮಿನಲ್ಲಿ ಹೊರಬಂತು. ಅವಳು ಒರೆಸಿದಳು. ಮತ್ತೆ ಬೆರಳಲ್ಲಿ ಅದ್ದಿ ತುಟಿಗೆ ಹಚ್ಚಿದಳು. ಹಿಟ್ಟಿನ ಮಡಕೆ ಬರಿದಾಗಿ ಬೋರಲು ಬಿದ್ದಿತ್ತು. ಅವನೂ ಅದನ್ನು ನೋಡಿದ.

ಬೆಳಕು ಹರಿಯುವ ಮೊದಲೇ ಹಂಪಮ್ಮ ಒಲೆಯ ಮುಂದಿನಿಂದ ಎದ್ದಳು. ಮಡಕೆ, ಉಪ್ಪು, ಒಂದು ಮುಷ್ಟಿ ನುಚ್ಚು, ಉಳಿದ ರೊಟ್ಟಿ, ಒಂದು ಕೊಡ ನೀರು. ಕುಳ್ಳಿನ ಮೇಲೆ ಕೆಂಡ. ಕುಬ್ರಾಬಿ ಕಟ್ಟಿಗೆ ಹೊತ್ತು ಹಿಂದೆ ಬಂದಳು. ಜಾಲಿಗಿಡದ ಹತ್ತಿರ, ಲಾರಿ ಪಟ್ಟಿಗೆ ಇಳಿಯಬೇಕಾದ ಒಂದೇ ದಾರಿಯ ನಟ್ಟನಡುವೆ, ಹಂಪಮ್ಮ ಮೂರು ಕಲ್ಲು ಹೂಡಿದಳು. ಅದಿರಿನ ಕಲ್ಲೇ. ಬೇರೆ ಕಲ್ಲು ಅಲ್ಲಿರಲಿಲ್ಲ. ಬೆಂಕಿ ಹತ್ತಿತು. ಚಿಟಿಕೆ ಹಿಟ್ಟಿಲ್ಲದ್ದರಿಂದ ರೊಟ್ಟಿಯ ಚೂರು ಹಾಕಿದಳು. ಪಟ್ಟಿಗೆ ಇಳಿದು ಪುಂಡಿ ಚಿವುಟಿ ತಂದು, ತೊಳೆದು ಮಡಕೆಗೆ ಹಾಕಿದಳು.

ಮೊದಲ ಲಾರಿ ಬಂತು. ಹಾರ್ನು ಹೊಡೆಯಿತು. ಅವಳು ಸೊಪ್ಪು ತಿರುವಿದಳು. ಲಾರಿ ಇನ್ನಷ್ಟು ಹತ್ತಿರ ಬಂದು, ಒಲೆಯ ಹೊಗೆ ಗಾಜಿಗೆ ತಾಗುವಷ್ಟರಲ್ಲಿ ನಿಂತಿತು. ಡ್ರೈವರು ಆಂಧ್ರದ ಕಡೆಯವನು. ಇಳಿದು ಬಂದು ಬಯ್ಯಲು ಬಾಯಿ ತೆರೆದವನು ಮಡಕೆ ಕುದಿಯುವುದನ್ನು ನೋಡಿ ಗಾಡಿಗೆ ಒರಗಿ ನಿಂತ. ಹಿಂದೆ ಇನ್ನೊಂದು ಲಾರಿ ನಿಂತಿತು. ಅದರ ಹಿಂದೆ ಮತ್ತೊಂದು. ಹಾರ್ನಿನ ಸದ್ದಿಗೆ ಕೇರಿಯ ಹೆಂಗಸರು ಒಬ್ಬೊಬ್ಬರೇ ಬಂದು ದೂರದಲ್ಲಿ ನಿಂತರು.

ಹುಲುಗೇಶ ಮೋಟಾರುಸೈಕಲ್ಲಿನಲ್ಲಿ ಬಂದ. ಹತ್ತಿಸೋ ಗಾಡಿ ಎಂದು ಡ್ರೈವರನಿಗೆ ಕೂಗಿದ.

"ಪೊಯ್ಯಿ ಮಂಡ್ತಾ ಉಂದಿ ಸಾಮೀ. ನಾ ವಲ್ಲ ಕಾದು."

ಒಲೆ ಉರಿಯುತ್ತಿದೆ, ನನ್ನಿಂದ ಆಗುವುದಿಲ್ಲ. ತೆಲುಗಿನಲ್ಲಿ ಅಂದರೂ ಅಲ್ಲಿದ್ದವರಿಗೆಲ್ಲ ತಿಳಿಯಿತು. ಅವನ ಅವ್ವನೂ ಅದನ್ನೇ ಹೇಳಿಕೊಟ್ಟಿರಬೇಕು.

ಹುಲುಗೇಶ ಒಲೆಯ ಹತ್ತಿರ ಬಂದ. ಹೊಳೆಯುವ ಬೂಟಿನ ಮೇಲೆ ಇನ್ನೂ ನಿನ್ನೆಯ ಬೂದಿಯ ಕಲೆ ಇತ್ತು. ಒದ್ದುಬಿಡುತ್ತೇನೆ ಎಂದ. ಕಾಲು ಎತ್ತಿದ. ಕೇರಿಯ ಹೆಂಗಸರು ಎರಡು ಹೆಜ್ಜೆ ಮುಂದೆ ಬಂದರು. ಕಾಲು ಗಾಳಿಯಲ್ಲೇ ಒಂದು ಕ್ಷಣ ನಿಂತು ಮತ್ತೆ ನೆಲಕ್ಕೆ ಇಳಿಯಿತು.

ಹಂಪಮ್ಮ ಪಕ್ಕದಲ್ಲಿದ್ದ ಕೊಡ ಎತ್ತಿ ಅವನ ಕಡೆ ಚಾಚಿದಳು.

"ಒದೀಬ್ಯಾಡಪ್ಪ, ಕಾಲು ಸುಡತೈತಿ. ತಗೊ, ನೀರು. ನಿನ್ನಿ ನಾ ಹಾಕೀನಿ. ಅದು ಹ್ಯಾಂಗ ಸುಡತೈತಿ ಅಂತ ರಾತ್ರೆಲ್ಲ ಕುಂತು ನೋಡೀನಿ. ಇವತ್ತು ನೀ ಹಾಕು."

ಅವನು ಕೊಡ ಹಿಡಿದ. ಯಾಕೆ ಹಿಡಿದನೋ ಅವನಿಗೇ ಗೊತ್ತಾಗಲಿಲ್ಲ. ಅಂಗಿಯ ಜೇಬಿನಲ್ಲಿ ಮೊಬೈಲು ಹೊಡೆದುಕೊಳ್ಳತೊಡಗಿತು. ಒಂದು ನಿಂತರೆ ಇನ್ನೊಂದು. ಗೌಡರೇ ಇರಬೇಕು. ಎರಡೂ ಕೈಯಲ್ಲಿ ತುಂಬಿದ ಕೊಡ ಇದ್ದುದರಿಂದ ಅವನಿಗೆ ತೆಗೆಯಲಾಗಲಿಲ್ಲ.

ಹಂಪಮ್ಮ ಅವನಿಗೆ ಬೆನ್ನು ಮಾಡಿದಳು. ಮಡಕೆಯಲ್ಲಿ ಪುಂಡಿ ಕರಗಿತ್ತು. ನುಚ್ಚು ಹಾಕಿ, ಮೂಕಪ್ಪನ ಪಾಲು ಮೆತ್ತಗಾಗಲಿ ಎಂದು ಉರಿ ಹೆಚ್ಚಿಸಿ, ಕಾಯುತ್ತ ಕುಳಿತಳು.